ಒಂದೇ ಪಾಸ್‌ವರ್ಡ್, ಹನ್ನೆರಡು ಜನ, ಸಿಕ್ಕಿಬಿದ್ದವನು ಒಬ್ಬ

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಕೆಟ್ಟ ಚಾಳಿ ಇದೆ. ಬಿಲ್ಡ್ 401 ಅಂತ ಹೇಳಿ ನಿಂತರೆ, ಯಾಕೆ ನಿಂತಿತು ಅಂತ ಯಾರೂ ನೋಡೋದಿಲ್ಲ. "ತಗೋ, ಈ ಪಾಸ್‌ವರ್ಡ್ ಹಾಕು, ಆಗುತ್ತೆ" ಅಂತ ಸೀನಿಯರ್ ಒಬ್ಬ ಚಾಟಿನಲ್ಲಿ ಕಳಿಸ್ತಾನೆ. ಆಗುತ್ತೆ ಕೂಡ. ಎಲ್ಲರೂ ಟೀ ಕುಡಿಯೋಕೆ ಹೋಗ್ತಾರೆ. ಇದನ್ನ ರಿಪೇರಿ ಅಂತ ಕರೆಯೋದನ್ನ ನಾವು ನಿಲ್ಲಿಸಬೇಕು. ಸ್ವಲ್ಪ ಕೋಪದಲ್ಲೇ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಈ ಫೀಲ್ಡಿನಲ್ಲಿ ಇಲ್ಲದ ಬ್ಲಾಗ್ ಗೆಳೆಯರಿಗೆ ಮೊದಲು ವಿಷಯ ಹೇಳಿಬಿಡ್ತೀನಿ. ನಮ್ಮ ಹಾಸನಕ್ಕೆ ಬಿತ್ತನೆ ಆಲೂಗಡ್ಡೆ ಜಲಂಧರಿನಿಂದ ಲಾರಿಯಲ್ಲಿ ಬಂದು ಕೋಲ್ಡ್ ಸ್ಟೋರೇಜ್ ಸೇರುತ್ತೆ. ಹೊಳೆನರಸೀಪುರದ ರೈತ ಪಂಜಾಬಿಗೆ ಹೋಗೋದಿಲ್ಲ, ಹಾಸನದಲ್ಲೇ ಮೂಟೆ ಎತ್ತುತ್ತಾನೆ. ಮಾವೆನ್ ಅನ್ನೋ ಬಿಲ್ಡ್ ಟೂಲಿನ ಕಥೆಯೂ ಅದೇ. ಹೊರಗಿನ ಲೈಬ್ರರಿಗಳು ಮಾವೆನ್ ಸೆಂಟ್ರಲ್‌ನಲ್ಲಿವೆ. ಕಂಪನಿ ಅವುಗಳ ನಕಲನ್ನೂ, ತಾನೇ ಬರೆದ ಲೈಬ್ರರಿಗಳನ್ನೂ ನೆಕ್ಸಸ್ಸೋ ಆರ್ಟಿಫ್ಯಾಕ್ಟರಿಯೋ ಅನ್ನೋ ಖಾಸಗಿ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತೆ. ಬಾಗಿಲಲ್ಲಿ ಹೆಸರು, ಪಾಸ್‌ವರ್ಡ್ ಕೇಳ್ತಾರೆ.

ಆ ಬಾಗಿಲಲ್ಲಿ ಬರೋ ಎರಡು ಉತ್ತರಗಳನ್ನ ಜನ ಒಂದೇ ಅಂದುಕೊಳ್ತಾರೆ. ಹಾಸನಾಂಬೆ ದರ್ಶನಕ್ಕೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತೆ :) ವಿಶೇಷ ದರ್ಶನದ ಸಾಲಿನಲ್ಲಿ ಟಿಕೆಟ್ಟೇ ಇಲ್ಲದೆ ನಿಂತರೆ ಅದು 401: ನೀನು ಯಾರೋ ನನಗೆ ಗೊತ್ತಿಲ್ಲ. ಮುನ್ನೂರು ರೂಪಾಯಿ ಟಿಕೆಟ್ ಹಿಡಿದು ಸಾವಿರದ ಸಾಲಿಗೆ ನುಗ್ಗಿದರೆ ಅದು 403: ನೀನು ಯಾರು ಅಂತ ಗೊತ್ತು, ಆದ್ರೆ ಇಲ್ಲಿಗೆ ಬಿಡೋದಿಲ್ಲ. 401ಕ್ಕೆ ಇಂಗ್ಲಿಷಿನಲ್ಲಿ 'ಅನ್‌ಆಥರೈಸ್ಡ್' ಅಂತ ಹೆಸರಿಟ್ಟಿರೋದೇ ದಾರಿ ತಪ್ಪಿಸುತ್ತೆ. ಅಧಿಕಾರ ಇಲ್ಲ ಅಂತ ಓದಿಕೊಂಡು ಅಡ್ಮಿನ್ ಹತ್ತಿರ ಓಡ್ತೀವಿ. ಅಸಲಿಗೆ ನಮ್ಮ ಗುರುತೇ ಅಲ್ಲಿಗೆ ಸರಿಯಾಗಿ ತಲುಪಿರೋದಿಲ್ಲ.

ಯಾಕೆ ತಲುಪಿಲ್ಲ? ನಾನು ನೋಡಿದ ಮಟ್ಟಿಗೆ ಕಾರಣಗಳು ಇಷ್ಟೇ:

1. ಪಾಮ್ ಫೈಲಿನಲ್ಲಿರೋ ರೆಪಾಸಿಟರಿ ಐಡಿ ಮತ್ತು ಸೆಟ್ಟಿಂಗ್ಸ್ ಫೈಲಿನ ಸರ್ವರ್ ಐಡಿ ಅಕ್ಷರಶಃ ಒಂದೇ ಇರಬೇಕು. ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೂ ಮಾವೆನ್ ಪಾಸ್‌ವರ್ಡನ್ನ ಕಳಿಸೋದೇ ಇಲ್ಲ.
2. ಸೆಟ್ಟಿಂಗ್ಸ್‌ನಲ್ಲಿ ಮಿರರ್ ಹಾಕಿದ್ರೆ, ಲೈಬ್ರರಿ ಇಳಿಸುವಾಗ ಮಾವೆನ್ ಹುಡುಕೋದು ಮಿರರ್‌ನ ಐಡಿಯನ್ನ. ಜನ ದಿನಗಟ್ಟಲೆ ಒದ್ದಾಡೋದು ಇಲ್ಲೇ.
3. ಪಾಸ್‌ವರ್ಡಿನಲ್ಲಿ ಆಂಪರ್‌ಸ್ಯಾಂಡ್ ಇದ್ದು, ಎಕ್ಸ್‌ಎಂಎಲ್ ನಿಯಮದಂತೆ ಅದನ್ನ ಬರೆದಿಲ್ಲ.
4. ಬಿಲ್ಡ್ ಓಡ್ತಿರೋದು ಜೆಂಕಿನ್ಸ್‌ನಲ್ಲಿ, ಅದರದ್ದೇ ಯೂಸರ್ ಹೆಸರಲ್ಲಿ. ಸೆಟ್ಟಿಂಗ್ಸ್ ಇರೋದು ನಿಮ್ಮ ಹೋಮ್ ಫೋಲ್ಡರಿನಲ್ಲಿ.
5. ಎಲ್ಲಾ ಸರಿಮಾಡಿದ ಮೇಲೂ ಹಳೇ ವಿಫಲ ಪ್ರಯತ್ನವನ್ನ ಮಾವೆನ್ ನೆನಪಿಟ್ಟುಕೊಂಡಿರುತ್ತೆ. ಮೈನಸ್ ಯು ಹಾಕಿ ಓಡಿಸಿದ್ರೆ ಮತ್ತೆ ಹೋಗಿ ನೋಡುತ್ತೆ.

ಹೆಲ್ಪ್ ಪ್ಲಗಿನ್‌ನ ಎಫೆಕ್ಟಿವ್ ಸೆಟ್ಟಿಂಗ್ಸ್ ಓಡಿಸಿ, ಯಾವ ಸೆಟ್ಟಿಂಗ್ಸ್ ಜಾರಿಯಲ್ಲಿದೆ ಅಂತ ನೋಡೋಕೆ ಎರಡು ನಿಮಿಷ ಸಾಕು. ಅದು ಪಾಸ್‌ವರ್ಡನ್ನ ಮುಚ್ಚೇ ತೋರಿಸುತ್ತೆ. ಆ ಎರಡು ನಿಮಿಷ ಉಳಿಸೋಕೆ ಹೋಗಿ ಏನಾಗುತ್ತೆ ಕೇಳಿ.

ನಾನು ಹಿಂದೆ ಇದ್ದ ಒಂದು ಕಂಪನಿ, ಹೆಸರು ಬೇಡ. ಅರಕಲಗೂಡು ಕಡೆಯ ಹುಡುಗ ಒಬ್ಬ ಹೊಸದಾಗಿ ಸೇರಿದ್ದ. ನಾನು ಚನ್ನರಾಯಪಟ್ಟಣದವನು ಅಂತ ಗೊತ್ತಾದ ದಿನದಿಂದ ನನ್ನನ್ನ "ಅಣ್ಣಾ" ಅಂತಲೇ ಕರೀತಿದ್ದ. ಅವನಿಗೂ 401 ಬಂತು, ಅವನಿಗೂ ಅದೇ ಪಾಸ್‌ವರ್ಡ್ ಸಿಕ್ಕಿತು. ಹನ್ನೆರಡು ಜನ ಬಳಸ್ತಿದ್ದ ಆ ಒಂದೇ ಖಾತೆಗೆ ಅಳಿಸೋ ಅಧಿಕಾರವೂ ಇತ್ತು. ಒಂದು ದಿನ ಉಗ್ರಾಣದಿಂದ ಹಳೇ ರಿಲೀಸ್ ಒಂದು ಮಾಯ. ಲಾಗ್ ತೆಗೆದು ನೋಡಿದ್ರೆ ಅದೇ ಖಾತೆ ಹೆಸರು. ಯಾರು ಅಳಿಸಿದ್ದು ಅಂತ ತೋರಿಸೋಕೆ ಬೇರೇನೂ ಇರಲಿಲ್ಲ. ಆದ್ರೂ ಮೀಟಿಂಗ್‌ನಲ್ಲಿ ಎಲ್ಲರ ಕಣ್ಣು ಹೊಸಬನ ಮೇಲೆ ಹೋಯ್ತು. "ನಾನಲ್ಲ ಅಂತ ಹೇಗೆ ತೋರಿಸ್ಲಿ ಅಣ್ಣಾ?" ಅಂದ. ತೋರಿಸೋಕೆ ದಾರಿಯೇ ಇರಲಿಲ್ಲ. ಅವನ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯ್ತು. ಪಾಸ್‌ವರ್ಡ್ ಹಂಚಿದ ಸೀನಿಯರ್‌ನ ಯಾರೂ ಒಂದು ಮಾತು ಕೇಳಲಿಲ್ಲ.

ನನ್ನ ಸಿಟ್ಟು ಇದೇ. ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಕೊಡೋದು ಕಂಪನಿ ಕಾಯೋಕೆ ಮಾತ್ರ ಅಂತ ನಾವು ತಿಳಿದಿದ್ದೀವಿ. ತಪ್ಪು ಮಾಡದವನನ್ನ ಕಾಯೋದೂ ಅದೇ.

"ನಮ್ದು ಚಿಕ್ಕ ಟೀಮ್, ಒಳಗಿನ ನೆಟ್‌ವರ್ಕ್, ಯಾರು ನೋಡ್ತಾರೆ ಬಿಡಿ" ಅನ್ನೋರು ಇದ್ದಾರೆ. ಟೊಯೋಟಾ ಚಿಕ್ಕದಲ್ಲ ತಾನೇ? ಅವರ ಟಿ-ಕನೆಕ್ಟ್ ಸೇವೆಯ ಸೋರ್ಸ್ ಕೋಡಿನ ಒಂದು ಭಾಗ, ಅದರೊಳಗೆ ಸರ್ವರಿನ ಕೀ ಸಮೇತ, 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ಬಿದ್ದಿತ್ತು. 2,96,019 ಗ್ರಾಹಕರ ಮಾಹಿತಿ ಸೋರಿರಬಹುದು ಅಂತ ಕಂಪನಿಯೇ ಒಪ್ಪಿಕೊಂಡಿತು. ಪಾಮ್‌ಗೆ ಬರೆದ ಪಾಸ್‌ವರ್ಡ್ ನಾಳೆ ಅಳಿಸಿದ್ರೂ ಗಿಟ್‌ನ ಇತಿಹಾಸದಲ್ಲಿ ಕೂತೇ ಇರುತ್ತೆ. ಬದಲಾಯಿಸದೆ ಬೇರೆ ದಾರಿ ಇಲ್ಲ.

"ಎಲ್ಲರಿಗೂ ಖಾತೆ ಮಾಡೋಕೆ ಟೈಮ್ ಎಲ್ಲಿ?" ಅನ್ನೋದು ಇನ್ನೊಂದು ವಾದ. ಹೊಸಬನಿಗೆ ಐಡಿ ಕಾರ್ಡ್, ಲ್ಯಾಪ್‌ಟಾಪ್, ಬ್ಯಾಂಕ್ ಖಾತೆ ಎಲ್ಲಾ ಮಾಡಿಸೋಕೆ ಟೈಮ್ ಇದೆ, ಇದಕ್ಕಿಲ್ವಾ? ಆಳಿಗೊಂದು ಟೋಕನ್, ಅದಕ್ಕೆ ಓದೋ ಅಧಿಕಾರ ಮಾತ್ರ. ರಿಲೀಸ್ ಏರಿಸೋಕೆ ಬಿಲ್ಡ್ ಸರ್ವರಿಗೆ ಬೇರೆ ಟೋಕನ್, ಅದೂ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಬರಲಿ. ಇಷ್ಟು ಮಾಡಿದ್ರೆ ಒಬ್ಬ ಕೆಲಸ ಬಿಟ್ಟಾಗ ಅವನ ಟೋಕನ್ ರದ್ದು ಮಾಡಿದ್ರೆ ಮುಗೀತು, ಹನ್ನೊಂದು ಜನರ ಬಿಲ್ಡ್ ನಿಲ್ಲೋದಿಲ್ಲ.

ಕೊನೆಗೆ, ಇಂಜಿನಿಯರ್ ಬ್ಲಾಗಿಗರಿಗೆ ಒಂದು ಮಾತು. ನಾವು ಕವನ ಬರೀತೀವಿ, ಶೆಟ್ಟಿಹಳ್ಳಿ ಚರ್ಚಿನ ಫೋಟೋ ಹಾಕ್ತೀವಿ, ಹೊಟ್ಟೆಪಾಡಿನ ವಿದ್ಯೆ ಮಾತ್ರ ಕನ್ನಡದಲ್ಲಿ ಬರೆಯೋದಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ಹುಡುಗ 401 ನೋಡಿ ಬೆವರುವಾಗ ಅವನ ಭಾಷೆಯಲ್ಲಿ ನಾಲ್ಕು ಸಾಲು ಸಿಕ್ಕಿದ್ರೆ, ಸೀನಿಯರ್ ಹತ್ತಿರ ಪಾಸ್‌ವರ್ಡ್ ಬೇಡೋ ಅಗತ್ಯ ಇರೋದಿಲ್ಲ. ನಿಮ್ಮ ಕಂಪನಿಯಲ್ಲಿ ಹೇಗಿದೆ, ಬರೀರಿ. ಪಾಸ್‌ವರ್ಡ್ ಮಾತ್ರ ಬರೀಬೇಡಿ :)