ಪೈಪಿನ ಜೋಡಣೆಯಲ್ಲಿ ಕಳೆಯುವ ಒತ್ತಡವೂ ಪಾಠದಲ್ಲಿರಲಿ

ಬೋಧನಾಭ್ಯಾಸದ ಮೂರನೇ ವಾರ, ಪ್ರಥಮ ಪಿಯುಸಿಗೆ ಬರ್ನೂಲಿ ತತ್ವ. ಪೈಪು ಕಿರಿದಾದಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಮತ್ತೆ ಅಗಲವಾದಲ್ಲಿ ವೇಗ ಇಳಿದು ಒತ್ತಡ ಏರುತ್ತದೆ ಎಂದು ಹಲಗೆಯ ಮೇಲೆ ಚಿತ್ರ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ನಮ್ಮ ತೋಟದಲ್ಲಿ ಒಂದಿಂಚಿನ ಪೈಪಿಗೆ ನೇರವಾಗಿ ಎರಡಿಂಚಿಂದು ಜೋಡಿಸಿದ್ದಾರೆ. ಅಲ್ಲಿ ಒತ್ತಡ ಪೂರ್ತಿ ವಾಪಸ್ ಬರುತ್ತಾ?" ಎಂದ. "ಬರುತ್ತೆ, ಸಮೀಕರಣವೇ ಹೇಳುತ್ತಲ್ಲ" ಎಂದೆ. ವೀಕ್ಷಣಾ ಪುಸ್ತಕದಲ್ಲಿ 'ಪ್ರಶ್ನೆ ನಿಭಾಯಿಸಿದ ರೀತಿ ಚೆನ್ನಾಗಿದೆ' ಎಂಬ ಷರಾ ಬಂತು. ಉತ್ತರ ಮಾತ್ರ ತಪ್ಪಾಗಿತ್ತು.

ರಾತ್ರಿ ಲೆಕ್ಕ ಹಾಕಿದೆ. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಸೆಕೆಂಡಿಗೆ 2 ಮೀಟರ್ ಹರಿಯುವ ನೀರು 0.5 ಮೀಟರಿಗೆ ಇಳಿಯುತ್ತದೆ. ಬರ್ನೂಲಿ ಪ್ರಕಾರ ಒತ್ತಡ ಸುಮಾರು 19 ಸೆಂ.ಮೀ. ನೀರಿನ ಎತ್ತರದಷ್ಟು ಏರಬೇಕು. ಆದರೆ ಪೈಪು ಥಟ್ಟನೆ ಅಗಲವಾದರೆ ನೀರು ಕೂಡಲೇ ಹರಡಿಕೊಳ್ಳದೆ ಧಾರೆಯಾಗಿ ಮುನ್ನುಗ್ಗುತ್ತದೆ. ಮೂಲೆಗಳಲ್ಲಿ ಸುಳಿಗಳೆದ್ದು ಶಕ್ತಿ ಉಷ್ಣವಾಗಿ ಹೋಗುತ್ತದೆ. ಬೋರ್ಡಾ–ಕಾರ್ನೋ ಸೂತ್ರದಲ್ಲಿ ಈ ನಷ್ಟವೆಂದರೆ ಎರಡು ವೇಗಗಳ ವ್ಯತ್ಯಾಸದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದ ಮೊತ್ತ: ಇಲ್ಲಿ ಸುಮಾರು 11.5 ಸೆಂ.ಮೀ. ಏರುವುದು ಏಳೂವರೆ ಅಷ್ಟೇ! ಅಗಲದಿಂದ ಕಿರಿದಕ್ಕೆ ಹೋಗುವಾಗಲೂ ನಷ್ಟವಿದೆ, ಇಷ್ಟಿಲ್ಲ.

'ಆದರ್ಶ ದ್ರವ' ಎಂಬ ಎರಡು ಪದಗಳನ್ನು ನಾವು ವ್ಯಾಖ್ಯೆಯೆಂದು ಬರೆಸಿ ಮುಂದೆ ಹೋಗುತ್ತೇವೆ. ಆ ಪದಗಳು ಏನನ್ನು ಬಿಟ್ಟಿವೆ ಎಂದು ತೋರಿಸದಿದ್ದರೆ ಮಕ್ಕಳು ತೋಟದ ಪೈಪನ್ನೇ ಅನುಮಾನಿಸಬೇಕಾಗುತ್ತದೆ. ಸಹಪಾಠಿಗಳ ಆಕ್ಷೇಪವಿದೆ: ಪಠ್ಯವೇ ಮುಗಿಯುವುದಿಲ್ಲ, ಇದು ಎಂಜಿನಿಯರಿಂಗ್ ವಿಷಯ. ಸೂತ್ರ ಸಾಧಿಸಿ ತೋರಿಸಬೇಕೆಂದು ನಾನೂ ಹೇಳುತ್ತಿಲ್ಲ. ವೇಗದ ಗಾಡಿ ನಿಧಾನದ ಗಾಡಿಗೆ ಡಿಕ್ಕಿ ಹೊಡೆದು ಎರಡೂ ಒಟ್ಟಾಗಿ ಚಲಿಸಿದರೆ ಸಂವೇಗ ಉಳಿಯುತ್ತದೆ, ಚಲನಶಕ್ತಿ ಉಳಿಯುವುದಿಲ್ಲ ಎಂಬುದನ್ನು ಅದೇ ವರ್ಷ ಕಲಿಸಿರುತ್ತೇವೆ. ವೇಗದ ಧಾರೆ ನಿಧಾನದ ನೀರಿಗೆ ನುಗ್ಗುವುದೂ ಅಂಥದ್ದೇ. ಐದು ನಿಮಿಷದ ಮಾತು. ವೆಂಚುರಿ ಮಾಪಕದ ಹೊರಬದಿ ಉದ್ದವಾಗಿ, ನಿಧಾನಕ್ಕೆ ಅಗಲವಾಗುವುದೂ ಈ ನಷ್ಟ ತಗ್ಗಿಸಲಿಕ್ಕೇ. (ನನ್ನ ಚಿತ್ರದಲ್ಲಿ ಎರಡೂ ಬದಿಗೆ ಒಂದೇ ಇಳಿಜಾರಿತ್ತು!)

ಮರುದಿನ ಆ ತರಗತಿ ಗೆಳತಿಯ ಪಾಲಿನದು. ಹತ್ತು ನಿಮಿಷ ಕೇಳಿ ಪಡೆದು ನಿನ್ನೆಯ ಉತ್ತರ ತಪ್ಪೆಂದು ಹೇಳಿ ಲೆಕ್ಕ ಬರೆದೆ. "ಹಾಗಾದ್ರೆ ಮಧ್ಯೆ ರೆಡ್ಯೂಸರ್ ಹಾಕಿದ್ರೆ ಸರಿಹೋಗುತ್ತಾ ಸರ್?" ಎಂದ ಅದೇ ಹುಡುಗ. ಉದ್ದನೆಯ ಶಂಕುವಾದರೆ ಉಳಿಯುತ್ತದೆ, ಅಂಗಡಿಯ ಗಿಡ್ಡ ರೆಡ್ಯೂಸರಿನಿಂದ ಹೆಚ್ಚೇನೂ ಉಳಿಯದು ಎಂದೆ. ಅಷ್ಟರಲ್ಲಿ ಹತ್ತು ನಿಮಿಷ ಮುಗಿದಿತ್ತು.