ಪ್ರಯೋಗಕ್ಷೇತ್ರದ ದಾಖಲೆಯೂ ಜಾಲ ತಂತ್ರಾಂಶವೂ

ವ್ಯವಸಾಯ ಸಂಶೋಧನೆಯಲ್ಲಿ ನೇಗಿಲು, ಗೊಬ್ಬರ, ಬಿತ್ತನೆಬೀಜ ಇವುಗಳಷ್ಟೇ ಮುಖ್ಯವಾದ ಮತ್ತೊಂದು ಸಾಧನವಿರುವುದು. ಅದು ದಾಖಲೆ. ಯಾವ ತಾಕಿನಲ್ಲಿ ಯಾವ ತಳಿಯನ್ನು ಯಾವ ದಿನ ಬಿತ್ತಲಾಯಿತು, ಎಷ್ಟು ಗೊಬ್ಬರ ಹಾಕಲಾಯಿತು, ಎಷ್ಟನೆಯ ದಿನ ತೆನೆ ಹೊರಟಿತು, ಒಕ್ಕಿದ ಮೇಲೆ ಕಾಳು ಎಷ್ಟು ತೂಗಿತು ಎಂಬುದನ್ನು ಅಲ್ಲಿಯೇ ಆಗಲೇ ಬರೆದಿಡದೆ ಹೋದಲ್ಲಿ, ಆ ವರ್ಷದ ಕೂಲಿ, ಖರ್ಚು, ಶ್ರಮ ಎಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುವುದು. ಬಹುಕಾಲದಿಂದ ಈ ಕೆಲಸವನ್ನು ನಡೆಸಿಕೊಂಡು ಬಂದದ್ದು ರಟ್ಟಿನ ಹೊದಿಕೆಯ ಫೀಲ್ಡ್ ಪುಸ್ತಕ. ಈಗ ಅದರ ಸ್ಥಾನಕ್ಕೆ ಅಂತರಜಾಲದ ಮೂಲಕ ನಡೆಯುವ ತಂತ್ರಾಂಶಗಳು, ಅಂದರೆ ಸಾಫ್ಟ್‌ವೇರುಗಳು, ಬರುತ್ತಲಿವೆ. ಪ್ರಯೋಗದ ಅಂಕಿಗಳನ್ನು ಶೇಖರಿಸುವುದಕ್ಕೂ, ಯೋಜನೆಗಳ ಮಂಜೂರಾತಿ, ಪ್ರಗತಿ, ಖರ್ಚು ಮುಂತಾದುವನ್ನು ನೋಡಿಕೊಳ್ಳುವುದಕ್ಕೂ ಇವುಗಳನ್ನು ಮಾಡಿಸುವುದು ಈಚೆಗೆ ವಾಡಿಕೆಯಾಗಿದೆ. ಇವು ಬೇಕೇ ಬೇಡವೇ ಎಂಬ ಚರ್ಚೆಗೆ ಈಗ ಅವಕಾಶವಿಲ್ಲ. ಇವುಗಳನ್ನು ಯಾರ ಅನುಕೂಲಕ್ಕಾಗಿ ಮಾಡಿಸತಕ್ಕದ್ದು ಎಂಬುದೇ ಪ್ರಕೃತ ವಿಚಾರ. ಬಿಸಿಲಿನಲ್ಲಿ ತಾಕಿನ ಬದುವಿನ ಮೇಲೆ ನಿಂತು ಅಂಕಿ ಬರೆಯುವವನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕೇ ಹೊರತು, ಮುಖ್ಯ ಕಚೇರಿಗೆ ಬೇಕಾದ ತಃಖ್ತೆಯಿಂದ ಆರಂಭಿಸಿ ಕೆಳಕ್ಕೆ ಇಳಿಯಕೂಡದೆಂಬುದು ನಮ್ಮ ಅಭಿಪ್ರಾಯ.

ದಾಖಲೆಯ ಬೆಲೆ ಎಷ್ಟೆಂಬುದನ್ನು ತಿಳಿಯುವುದಕ್ಕೆ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕ್ಷೇತ್ರದ ಕಥೆಯನ್ನು ಜ್ಞಾಪಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು ಮಹನೀಯರು 1843ರಲ್ಲಿ ಗೋಧಿಗೆ ಗೊಬ್ಬರವಿಕ್ಕುವ ಪ್ರಯೋಗವೊಂದನ್ನು ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ತೊಡಗಿದರು. ಅದು ಇಂದಿಗೂ ನಡೆಯುತ್ತಲಿದೆ. 1919ರಲ್ಲಿ ಫಿಷರ್ ಎಂಬ ಗಣಿತಜ್ಞರನ್ನು ಅಲ್ಲಿಗೆ ಬರಮಾಡಿಕೊಂಡದ್ದು, ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೂಡಿಬಿದ್ದಿದ್ದ ಆ ಅಂಕಿಗಳಲ್ಲಿ ಇನ್ನೂ ಏನಾದರೂ ಸಾರವುಂಟೇ ಎಂದು ನೋಡುವುದಕ್ಕೆ. ಈ ಹೊತ್ತು ಪ್ರಪಂಚದ ಸಕಲ ವ್ಯವಸಾಯ ಕ್ಷೇತ್ರಗಳಲ್ಲಿಯೂ ಪ್ರಯೋಗಗಳನ್ನು ಯಾವ ಕ್ರಮದಲ್ಲಿ ಹೂಡಿ ಯಾವ ಲೆಕ್ಕದಿಂದ ತೂಗುವರೋ, ಆ ಕ್ರಮವು ಬಹುಮಟ್ಟಿಗೆ ಅವರು ಅಲ್ಲಿ ಕಳೆದ ವರ್ಷಗಳ ಫಲ. ಮೊದಲು ಬರೆದಿಟ್ಟವರಿಗೆ ಫಿಷರರ ಗಣಿತವು ಗೊತ್ತಿರಲಿಲ್ಲ. ಅವರು ಹುಟ್ಟಿಯೇ ಇರಲಿಲ್ಲ. ಆದರೂ ಬರಹವು ಸ್ಪಷ್ಟವಾಗಿದ್ದುದರಿಂದ, ಬರೆದವರನ್ನು ಕಾಣದಿದ್ದವರಿಗೂ ಅದು ಅರ್ಥವಾಯಿತು. ಆ ಅಂಕಿಗಳೇ ಈಗ ಕಂಪ್ಯೂಟರಿನ ಭಂಡಾರದಲ್ಲಿ ಸೇರಿ ಸಂಶೋಧಕರಿಗೆ ದೊರೆಯುತ್ತಲಿವೆ. ನಮ್ಮ ನೆರೆಯ ಕೊಯಮತ್ತೂರಿನಲ್ಲಿಯೂ 1909ರಲ್ಲಿ ಹೂಡಿದ ಶಾಶ್ವತ ಗೊಬ್ಬರದ ಪ್ರಯೋಗವಿರುವುದು. ಈಗ ಮಾಡಿಸುತ್ತಿರುವ ತಂತ್ರಾಂಶದಲ್ಲಿ ತುಂಬಿದ ಅಂಕಿಯು ಎಪ್ಪತ್ತು ವರ್ಷ ಹಾಗಿರಲಿ, ಏಳು ವರ್ಷದ ತರುವಾಯವಾದರೂ ಮತ್ತೊಬ್ಬನಿಗೆ ಓದಲು ಸಿಕ್ಕುವುದೇ ಎಂಬುದನ್ನು ಮಾಡಿಸುವವರು ಮೊದಲೇ ವಿಚಾರಿಸತಕ್ಕದ್ದು.

ತಪ್ಪು ದಾಖಲೆಯಿಂದ ಕೆಡುವುದು ಕಾಗದ ಮಾತ್ರವಲ್ಲ. ನಮ್ಮ ದೇಶದಲ್ಲಿ 1957ರಲ್ಲಿ ಮುಸುಕಿನ ಜೋಳದಿಂದ ಮೊದಲಾದ ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆಗಳು ಈಗ ಅನೇಕ ಬೆಳೆಗಳಿಗೆ ವ್ಯಾಪಿಸಿವೆ. ಒಂದು ಹೊಸ ರಾಗಿಯ ತಳಿಯು ರೈತರ ಕೈಗೆ ಬರುವುದಕ್ಕೆ ಮುಂಚೆ ನಾನಾ ರಾಜ್ಯಗಳ ಕೇಂದ್ರಗಳಲ್ಲಿ, ಮೊದಲು ಪ್ರಾರಂಭಿಕ ಪರೀಕ್ಷೆ, ಅನಂತರ ಮುಂದುವರಿದ ಪರೀಕ್ಷೆಗಳು ಎಂಬ ಮೆಟ್ಟಿಲುಗಳನ್ನು ವರ್ಷಾನುವರ್ಷ ಹತ್ತಬೇಕು. ಪ್ರತಿಯೊಂದು ಕೇಂದ್ರದ ಅಂಕಿಯೂ ಒಂದೆಡೆ ಸೇರಿ, ಸರಾಸರಿಯಾಗಿ, ಆ ಸರಾಸರಿಯ ಮೇಲೆ ತಳಿಯ ಹಣೆಬರಹವು ನಿಶ್ಚಯವಾಗುವುದು. ಒಂದು ಕೇಂದ್ರದವರು ಬೆಂಕಿರೋಗವನ್ನು 5 ಅಂಕದ ಮಾನದಲ್ಲಿಯೂ ಮತ್ತೊಂದರವರು 9 ಅಂಕದ ಮಾನದಲ್ಲಿಯೂ ಬರೆದು, ಯಾವ ಮಾನವೆಂಬುದನ್ನು ಹೇಳದೆಹೋದರೆ. ಒಬ್ಬರು ತಾಕಿನ ತೂಕವನ್ನು ಗ್ರಾಮಿನಲ್ಲಿಯೂ ಮತ್ತೊಬ್ಬರು ಹೆಕ್ಟೇರಿಗೆ ಕ್ವಿಂಟಾಲಿನಲ್ಲಿಯೂ ಕಳುಹಿಸಿದರೆ. ಕಾಳು ಒಣಗಿತ್ತೋ ಹಸಿಯೋ ಎಂಬುದು ಬರಹದಲ್ಲಿ ಇಲ್ಲದಿದ್ದರೆ, ಯೋಗ್ಯವಾದ ತಳಿ ಕೆಳಗುಳಿದು ಅಯೋಗ್ಯವಾದುದು ಮುಂದಕ್ಕೆ ಹೋಗಬಹುದು. ಅಯೋಗ್ಯವಾದುದರ ದೋಷವು ರೈತರ ಹೊಲದಲ್ಲಿಯಾದರೂ ಬಯಲಾಗುವುದು. ಕೈಬಿಟ್ಟುಹೋದ ಒಳ್ಳೆಯ ತಳಿಯಾದರೋ ಯಾರ ಬಳಿಯಲ್ಲಿಯೂ ದೂರು ಹೇಳಿಕೊಳ್ಳಲಾರದು.

ಈ ಅಂಕಿಗಳನ್ನು ಎಕ್ಸೆಲ್ ಮುಂತಾದ ಕೋಷ್ಟಕಗಳಲ್ಲಿ ತುಂಬಿ ಮಿಂಚಂಚೆಯಲ್ಲಿ ಕಳುಹಿಸುವುದು ಬಹುಕಾಲದ ರೂಢಿ. ಅದು ಸಲೀಸಾದುದೇನೋ ಹೌದು. ಆದರೆ 3-4 ಎಂದು ತಾಕಿನ ಸಂಖ್ಯೆಯನ್ನು ಬರೆದರೆ ಆ ಕೋಷ್ಟಕವು ಕೇಳದೆಯೇ ಅದನ್ನು ತಾರೀಖೆಂದು ತಿದ್ದಿಬಿಡುವುದುಂಟು. ಇದು ಕೇವಲ ನಮ್ಮ ಗುಮಾಸ್ತರ ಪಾಡಲ್ಲ. ವಂಶವಾಹಿಗಳ ಪಟ್ಟಿಯನ್ನು ಇಂಥ ಕೋಷ್ಟಕದಲ್ಲಿ ಲಗತ್ತಿಸಿದ್ದ ಶಾಸ್ತ್ರಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಹೆಸರುಗಳು ತಾರೀಖು ಮುಂತಾಗಿ ಕೆಟ್ಟಿದ್ದುವೆಂದು 2016ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಿಂದ ತಿಳಿಯಬಂದಿತು. ಕಡೆಗೆ 2020ರಲ್ಲಿ, ಮನುಷ್ಯರ ವಂಶವಾಹಿಗಳಿಗೆ ಹೆಸರಿಡುವ ಸಮಿತಿಯವರು ಯಂತ್ರವನ್ನು ತಿದ್ದಲಾರದೆ ಹೆಸರುಗಳನ್ನೇ ಬದಲಾಯಿಸಿಕೊಂಡರು! ಅದೇ ವರ್ಷ ಇಂಗ್ಲೆಂಡಿನಲ್ಲಿ ಹಳೆಯ ಮಾದರಿಯ ಕೋಷ್ಟಕವೊಂದರಲ್ಲಿ 65,536ಕ್ಕೆ ಮೇಲ್ಪಟ್ಟ ಸಾಲುಗಳು ಹಿಡಿಯದೆ, ಕೋವಿಡ್ ಸೋಂಕಿತರ 15,841 ಹೆಸರುಗಳು ಸಕಾಲದಲ್ಲಿ ಲೆಕ್ಕಕ್ಕೆ ಬಾರದೆಹೋದುವು. ಆದಕಾರಣ ಸಂಶೋಧನೆಗೆಂದೇ ರಚಿಸಿದ ಸಾಧನವು ಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಅದು ಎಂಥದಾಗಿರಬೇಕು? ಅಮೆರಿಕೆಯ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಗೋಧಿಯ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದವರು ಫೀಲ್ಡ್ ಬುಕ್ ಎಂಬ ಒಂದು ಸಣ್ಣ ಸಾಧನವನ್ನು ತಾವೇ ರಚಿಸಿ 2014ರಲ್ಲಿ ಪ್ರಕಟಿಸಿದರು. ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ಟಿನಲ್ಲಿ ಅದು ತಾಕುಗಳನ್ನು ಒಂದಾದಮೇಲೊಂದರಂತೆ, ಮನುಷ್ಯನು ನಡೆಯುವ ಕ್ರಮದಲ್ಲಿಯೇ ತೋರಿಸುತ್ತ ಹೋಗುವುದು. ಒಂದು ಸಲಕ್ಕೆ ಒಂದೇ ಗುಣವನ್ನು ಕೇಳುವುದು. ಎತ್ತರವೆಂದರೆ ಎತ್ತರ, ತೆಂಡೆಯೆಂದರೆ ತೆಂಡೆ. ಹೊಲದಲ್ಲಿ ಇಂಟರ್‌ನೆಟ್ಟು ಇಲ್ಲದಿದ್ದರೂ ಅದರ ಕೆಲಸ ನಿಲ್ಲುವುದಿಲ್ಲ. ಕೊನೆಗೆ ಎಲ್ಲ ಅಂಕಿಗಳನ್ನೂ ಸಾದಾ ಪಟ್ಟಿಯಾಗಿ ಹೊರಕ್ಕೆ ಕೊಡುವುದು. ಹೊಲದಲ್ಲಿ ನಡೆದವರೇ ಮಾಡಿದ್ದರಿಂದ ಅದಕ್ಕೆ ಈ ಗುಣ ಬಂದಿತು. ಇದಕ್ಕೂ ಮುಂಚೆ, 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಮೊದಲಾದ ಓಪನ್ ಡೇಟಾ ಕಿಟ್ ಎಂಬುದೂ ಇದೇ ತತ್ತ್ವದ ಮೇಲೆ ನಿಂತದ್ದು: ಸಂಪರ್ಕವಿಲ್ಲದೆಡೆ ಬರೆದುಕೊಳ್ಳುವುದು, ಸಂಪರ್ಕ ಸಿಕ್ಕಿದಾಗ ಕಳುಹಿಸುವುದು. ನಮ್ಮ ಫಾರಂಗಳಲ್ಲಿ ಮೊಬೈಲಿನ ಸಂಕೇತವು ಕಚೇರಿಯ ಅಟ್ಟದ ಮೇಲೆ ಮಾತ್ರ ಸಿಕ್ಕುವ ಸ್ಥಳಗಳು ಇಲ್ಲದಿಲ್ಲ. ಬ್ರೌಸರು ತೆರೆಯದ ಹೊರತು ಒಂದಕ್ಷರವನ್ನೂ ಹಿಡಿಯಲಾರದ ಸಾಧನವು ಅಂಥ ಕಡೆಗೆ ಕೇವಲ ಅಲಂಕಾರವಾಗುವುದು.

ಮತ್ತೊಂದು ದೊಡ್ಡ ಪೀಡೆಯೆಂದರೆ ಎರಡು ಸಲ ಬರೆಯುವುದು. ಹಗಲು ಪುಸ್ತಕದಲ್ಲಿ, ಸಂಜೆ ಕಂಪ್ಯೂಟರಿನಲ್ಲಿ! ನಕಲು ಹೆಚ್ಚಿದಷ್ಟೂ ತಪ್ಪು ಹೆಚ್ಚುವುದು; ಅಲ್ಲದೆ ಎರಡರಲ್ಲಿ ಯಾವುದು ಪ್ರಮಾಣವೆಂಬ ಜಗಳವೂ ಹುಟ್ಟುವುದು. ಈ ವಿಷಯದಲ್ಲಿ ನಮ್ಮ ನಾಡಿನದೇ ಒಂದು ದೃಷ್ಟಾಂತವುಂಟು. ಭೂಮಿ ಎಂಬ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಕೆಲಸ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯು ಇನ್ನು ಮೇಲೆ ಸಲ್ಲದೆಂದು ಸರ್ಕಾರದವರು ಸಾರಿದರು. ಆ ನಿಷ್ಠುರವಾದ ಆಜ್ಞೆಯೇ ಯೋಜನೆಯ ಜೀವವೆಂದು ನಾವು ತಿಳಿಯುವೆವು. ಹಳೆಯದನ್ನು ನಿಲ್ಲಿಸುವ ತಾರೀಖನ್ನು ಗೊತ್ತುಮಾಡದೆ ಹೊಸದನ್ನು ಹೇರಿದರೆ ಬರೆಯುವವನ ಬೆನ್ನಿನ ಮೇಲೆ ಎರಡು ಮೂಟೆಯಾಗುವುದು. ಆಗ ಅವನು ಎರಡನ್ನೂ ಹಗುರಮಾಡುವ ಉಪಾಯವನ್ನು ಹುಡುಕಿದರೆ ಆಶ್ಚರ್ಯವಿಲ್ಲ.

ಹಳೆಯ ಪುಸ್ತಕದಲ್ಲಿ ಒಂದು ಸಂಪ್ರದಾಯವಿದ್ದಿತು. ಅಂಕಿಯು ತಪ್ಪಾದರೆ ಕೆರೆದು ಅಳಿಸಕೂಡದು. ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ರುಜು ಮತ್ತು ತಾರೀಖು ಹಾಕಬೇಕು. ಹಳೆಯ ಅಂಕಿಯೂ ಕಾಣುತ್ತಲೇ ಇರಬೇಕು. ತಂತ್ರಾಂಶದಲ್ಲಿ ತಿದ್ದುಪಡಿಯೆಂದರೆ ಬಹಳ ಸಲ ಹಳೆಯದು ಮಾಯವಾಗುವುದು. ಯಾರು ತಿದ್ದಿದರು, ಏತಕ್ಕೆ ತಿದ್ದಿದರು ಎಂಬುದಕ್ಕೆ ಗುರುತೇ ಇರುವುದಿಲ್ಲ. ಗೆರೆ ಎಳೆಯುವ ಈ ಸಂಪ್ರದಾಯವನ್ನು ಹೊಸ ಸಾಧನದಲ್ಲಿಯೂ ಉಳಿಸಿಕೊಳ್ಳಬೇಕೆಂಬುದನ್ನು ಒಪ್ಪಂದದಲ್ಲಿಯೇ ಬರೆಯಿಸತಕ್ಕದ್ದು. ಇದನ್ನು ಮಾಡಿಕೊಡುವುದು ತಂತ್ರಾಂಶದವರಿಗೆ ಕಷ್ಟವೇನೂ ಅಲ್ಲ. ಕೇಳದಿದ್ದರೆ ಮಾತ್ರ ಮಾಡುವುದಿಲ್ಲ.

ಇನ್ನು ಯೋಜನೆಗಳ ಆಡಳಿತದ ಮಾತು. ಭಾರತೀಯ ವ್ಯವಸಾಯ ಸಂಶೋಧನಾ ಪರಿಷತ್ತಿನ ಕ್ರಮದಲ್ಲಿ, ಯೋಜನೆಯನ್ನು ಸೂಚಿಸುವುದಕ್ಕೆ ಒಂದು ನಮೂನೆ, ವರ್ಷದ ಪ್ರಗತಿಗೆ ಒಂದು, ಮುಗಿಸುವಾಗ ಒಂದು, ಹೀಗೆ ಆರ್.ಪಿ.ಪಿ. 1, 2, 3 ಎಂಬ ನಮೂನೆಗಳಿವೆ. ಇವುಗಳನ್ನು ಜಾಲದಲ್ಲಿ ತುಂಬುವಂತೆ ಮಾಡುವುದಷ್ಟರಿಂದಲೇ ಆಡಳಿತವು ಸುಧಾರಿಸಿತೆಂದು ಭಾವಿಸುವವರುಂಟು. ಕಾಗದದಲ್ಲಿದ್ದ ಖಾನೆಗಳು ಗಾಜಿನ ಮೇಲೆ ಬಂದುವು, ಅಷ್ಟೇ. ನಿಜವಾದ ಲಾಭವಿರುವುದು ತಾಕಿನ ದಾಖಲೆಗೂ ಯೋಜನೆಯ ದಾಖಲೆಗೂ ಒಂದೇ ಗುರುತಿನ ಸಂಖ್ಯೆಯನ್ನು ಕೊಟ್ಟು ಎರಡನ್ನೂ ಹೆಣೆಯುವುದರಲ್ಲಿ. ಬಿತ್ತನೆಯ ತಾರೀಖು ಹೊಲದಿಂದಲೇ ಬಂದಿದ್ದರೆ, ‘ಬಿತ್ತನೆ ಮುಗಿದಿದೆ’ ಎಂದು ಸಂಶೋಧಕನು ಮತ್ತೊಮ್ಮೆ ವರದಿ ಬರೆಯುವುದೇಕೆ? ‘ಶೇಕಡಾ 60 ಪ್ರಗತಿ’ ಎಂಬ ಮಾತಿಗಿಂತ, 120 ತಾಕುಗಳಲ್ಲಿ 72ರ ಕಟಾವು ಆಗಿದೆ ಎಂಬ ಮಾತು ಎಷ್ಟೋ ಮೇಲು. ತಡವಾದ ಯೋಜನೆಗಳನ್ನು ಕೆಂಪು ಬಣ್ಣದಲ್ಲಿ ತೋರಿಸುವ ಪದ್ಧತಿಯೂ ಬಂದಿದೆ. ಕೆಂಪು ಕಂಡೊಡನೆ ಜವಾಬು ಕೇಳುವ ಅಧಿಕಾರಿಗಳಿದ್ದಲ್ಲಿ ಎಲ್ಲ ಯೋಜನೆಗಳೂ ಬಹುಬೇಗ ಹಸುರಾಗುವುವು. ಮಳೆ ಬಾರದ ವರ್ಷದಲ್ಲಿ ಕೂಡ!

ಸಾಧನವನ್ನು ಮೊದಲಿನಿಂದ ಕಟ್ಟಬೇಕೇ, ಇದ್ದುದನ್ನು ತರಬೇಕೇ? ಮರಗೆಣಸಿನ ತಳಿ ಅಭಿವೃದ್ಧಿಗಾಗಿ ಅಮೆರಿಕೆಯ ಬಾಯ್ಸ್ ಥಾಂಪ್ಸನ್ ಸಂಸ್ಥೆಯವರು ಆಫ್ರಿಕದ ಸಂಶೋಧಕರೊಡನೆ ಕೂಡಿ ಕಸಾವಬೇಸ್ ಎಂಬ ಜಾಲ ಭಂಡಾರವನ್ನು ರಚಿಸಿದರು. ನೈಜೀರಿಯ, ಉಗಾಂಡ ಮುಂತಾದ ದೇಶಗಳಲ್ಲಿ ಅದು ಬಳಕೆಯಲ್ಲಿದೆ. ಅದರ ಅಸ್ಥಿಪಂಜರವೇ ಬ್ರೀಡ್‌ಬೇಸ್ ಎಂಬ ಹೆಸರಿನಿಂದ ಬಾಳೆ, ಸಿಹಿಗೆಣಸು ಮೊದಲಾದ ಬೆಳೆಗಳಿಗೂ ಉಪಯೋಗವಾಗುತ್ತಿದೆ. ಅದರ ಮೂಲಲಿಪಿ ಬಹಿರಂಗವಾಗಿದ್ದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಒಂದು ಸಾಧನವು ಮತ್ತೊಂದರೊಡನೆ ಮಾತನಾಡುವುದಕ್ಕೆ ಬ್ರಾಪಿ ಎಂಬ ಸಾಮಾನ್ಯ ಭಾಷೆಯೊಂದನ್ನೂ ತಳಿಶಾಸ್ತ್ರಜ್ಞರು ಮತ್ತು ತಂತ್ರಾಂಶದವರು ಕೂಡಿ ಏರ್ಪಡಿಸಿಕೊಂಡಿರುವರು. ಹೀಗಿರುವಲ್ಲಿ ಪ್ರತಿಯೊಂದು ಸಂಸ್ಥೆಯೂ ಬರಿಯ ನೆಲದಿಂದ ಹೊಸ ಕಟ್ಟಡವನ್ನೆಬ್ಬಿಸುವುದು ದುಂದು. ಆದರೆ ಪರಸ್ಥಳದ ಬೀಜವನ್ನು ತಂದೊಡನೆಯೇ ನಾವು ನೂರು ಎಕರೆಗೆ ಬಿತ್ತುವುದಿಲ್ಲವಷ್ಟೆ. ಮೊದಲು ಪರೀಕ್ಷಾ ತಾಕಿನಲ್ಲಿ ನೋಡುವೆವು. ಇದಕ್ಕೂ ಅದೇ ನಿಯಮವು ಸಲ್ಲುವುದು.

ಭಾಷೆಯ ವಿಚಾರವನ್ನು ಮರೆಯಕೂಡದು. ತಾಕಿನಲ್ಲಿ ನಿಲ್ಲುವ ಸಹಾಯಕನಿಗೆ ಹೊಡೆ, ತೆನೆ, ತೆಂಡೆ, ಜೊಳ್ಳು ಎಂದರೆ ಒಡನೆ ತಿಳಿಯುವುದು. ಪರದೆಯ ಮೇಲೆ ಅವೇ ಮಾತುಗಳಿರಲಿ. ೩ ಎಂದು ಬರೆದರೂ 3 ಎಂದು ಬರೆದರೂ ಯಂತ್ರವು ಒಂದೇ ಎಂದು ತಿಳಿಯುವಂತಿರಲಿ.

ಹಣದ ವಿಷಯವು ಎಲ್ಲಕ್ಕಿಂತಲೂ ಕಠಿನ. ತಂತ್ರಾಂಶವನ್ನು ಮಾಡಿಸುವುದಕ್ಕೆ ಹಣ ದೊರೆಯುವುದು, ಉದ್ಘಾಟನೆಯೂ ಆಗುವುದು. ಮರುವರ್ಷ ಅದನ್ನು ನೋಡಿಕೊಳ್ಳುವವರಾರು? ಪಂಪು ಹಾಕಿಸಿ, ತೈಲಕ್ಕೂ ಚಾಲಕನಿಗೂ ಹಣವಿಲ್ಲದಿದ್ದರೆ ಬಾವಿಯ ನೀರು ಬಾವಿಯಲ್ಲಿಯೇ ಇರುವುದು. ಗುತ್ತಿಗೆ ಮುಗಿದೊಡನೆ ಸರ್ವರು ನಿಂತು, ಗುಪ್ತಪದವನ್ನು ಬಲ್ಲವನು ಬೇರೆ ಊರಿಗೆ ಹೋಗಿ, ಅಂಕಿಗಳೆಲ್ಲ ಒಳಗೆ ಸಿಕ್ಕಿಕೊಳ್ಳುವಂತಹ ಏರ್ಪಾಡಿಗೆ ಸರ್ಕಾರದ ಹಣವನ್ನು ಕೊಡಕೂಡದು. ಮೂಲಲಿಪಿಯು ಇಲಾಖೆಗೆ ಸೇರತಕ್ಕದ್ದು. ತಿಂಗಳಿಗೊಮ್ಮೆ ಸಮಸ್ತ ಅಂಕಿಗಳ ಸಾದಾ ಪ್ರತಿಯೊಂದು ಬೇರೆ ಸ್ಥಳದಲ್ಲಿ ಭದ್ರವಾಗತಕ್ಕದ್ದು. ಇದನ್ನು ನೋಡಿಕೊಳ್ಳುವುದಕ್ಕೆ ಕಾಯಂ ನೌಕರನೊಬ್ಬನು ಇರತಕ್ಕದ್ದು. ಮೂರನೆಯದೇ ಎಲ್ಲಕ್ಕಿಂತ ದುರ್ಲಭವೆಂದು ನಾವು ಬಲ್ಲೆವು.

ಮುಂದಿನ ಮುಂಗಾರಿಗೆ ಮುಂಚೆ ಒಂದೇ ಫಾರಂನಲ್ಲಿ, ಒಂದೇ ರಾಗಿಯ ಪರೀಕ್ಷೆಗೆ, ಇಂಥ ಸಾಧನವನ್ನು ತೊಡಗಿಸಿ ನೋಡಬಹುದು. ಆ ಒಂದು ಹಂಗಾಮಿನ ಮಟ್ಟಿಗೆ ಮಾತ್ರ ಪುಸ್ತಕವೂ ನಡೆಯಲಿ. ಒಕ್ಕಣೆಯ ಕಡೆಯ ದಿನವೇ ಪುಸ್ತಕಕ್ಕೂ ಕಡೆಯ ದಿನವೆಂದು ಮೊದಲೇ ಸಾರಿರಲಿ. ಎರಡರ ಅಂಕಿಗಳಲ್ಲಿ ಎಷ್ಟು ವ್ಯತ್ಯಾಸ ಕಂಡಿತೆಂಬುದನ್ನು ಬಚ್ಚಿಡದೆ ಈ ಪತ್ರಿಕೆಯಲ್ಲಿಯೇ ಅಚ್ಚುಮಾಡಬೇಕು. ಅದಕ್ಕೆ ಮುಂಚೆ, ಪ್ರಯೋಗಕ್ಷೇತ್ರಗಳಲ್ಲಿ ಕೆಲಸ ಮಾಡುವ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ: ಈಗಿರುವ ನಮೂನೆಗಳಲ್ಲಿ ತಾವು ಯಾವಾಗಲೂ ಖಾಲಿ ಬಿಡುವ ಕಲಮು ಯಾವುದು, ನಮೂನೆಯಲ್ಲಿ ಜಾಗವಿಲ್ಲದುದರಿಂದ ಅಂಚಿನಲ್ಲಿ ಬರೆದಿಡುವ ಸಂಗತಿ ಯಾವುದು ಎಂಬುದನ್ನು ದಯಮಾಡಿ ಬರೆದು ತಿಳಿಸಬೇಕು. ತಂತ್ರಾಂಶದವರಿಗೆ ಮೊದಲು ಕೊಡಬೇಕಾದ ಕಾಗದ ಅದೇ.