12–0–12: ನಡುವಿನ ಸೊನ್ನೆಯ ಮಹತ್ವ

ಆಂಪ್ಲಿಫೈಯರ್ ಮಾಡಲು ಹೊರಟ ವಿದ್ಯಾರ್ಥಿಗಳು ಅಂಗಡಿಯಲ್ಲಿ ಮೊದಲು ಕೇಳುವುದು ಐ.ಸಿ.ಯನ್ನು. ಆಮೇಲೆ ಸ್ಪೀಕರು, ವಾಲ್ಯೂಮ್ ಕಂಟ್ರೋಲು, ಅಂದದ ಒಂದು ಡಬ್ಬಿ. ಪವರ್ ಸಪ್ಲೈ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ. ಆದರೆ ಸ್ಪೀಕರನ್ನು ಅಲುಗಾಡಿಸುವ ಶಕ್ತಿಯೆಲ್ಲ ಬರುವುದು ಅಲ್ಲಿಂದಲೇ. ಐ.ಸಿ. ಮಾಡುವುದು ನಲ್ಲಿಯ ಕೆಲಸ ಮಾತ್ರ. ತೊಟ್ಟಿಯಲ್ಲಿ ನೀರಿಲ್ಲದಿದ್ದರೆ ನಲ್ಲಿ ತಿರುಗಿಸಿ ಏನು ಪ್ರಯೋಜನ?

ಇನ್ನೊಂದು ವಿಷಯವೂ ಇದೆ. ಇಡೀ ಆಂಪ್ಲಿಫೈಯರಿನಲ್ಲಿ ಜೀವಕ್ಕೆ ಅಪಾಯ ತರಬಲ್ಲ ಭಾಗ ಇದೊಂದೇ. ಆದ್ದರಿಂದ ಈ ವಾರದ ಲೇಖನವನ್ನು ಮಕ್ಕಳ ಜೊತೆಗೆ ತಂದೆತಾಯಿಯರೂ ಓದಬೇಕೆಂದು ಕೋರಿಕೆ.

ಎರಡು ಬದಿ ಏಕೆ?

ಶಬ್ದವೆಂದರೆ ಕಂಪನ. ಸ್ಪೀಕರಿನ ಕೋನ್ ಒಮ್ಮೆ ಮುಂದಕ್ಕೆ ಬಂದರೆ ಮರುಕ್ಷಣ ಹಿಂದಕ್ಕೆ ಹೋಗಬೇಕು. ಅದಕ್ಕೆ ಕೊಡುವ ವಿದ್ಯುತ್ತೂ ಹಾಗೆಯೇ ಸೊನ್ನೆಗಿಂತ ಮೇಲಕ್ಕೂ ಕೆಳಕ್ಕೂ ಹೋಗಿಬರಬೇಕು. ಒಂದೇ ಬದಿಯ ಸಪ್ಲೈಯಲ್ಲಿ ಸೊನ್ನೆಗಿಂತ ಕೆಳಗೆ ಏನೂ ಇಲ್ಲ. ಆಗ ಐ.ಸಿ.ಯ ಹೊರದಾರಿಯನ್ನು ಸಪ್ಲೈಯ ಅರ್ಧದಷ್ಟು ವೋಲ್ಟೇಜಿನಲ್ಲಿ ನಿಲ್ಲಿಸಿ, ಆ ವೋಲ್ಟೇಜು ಸ್ಪೀಕರಿಗೆ ತಾಗದಂತೆ ನಡುವೆ ಒಂದು ಕೆಪಾಸಿಟರ್ ಇಡಬೇಕಾಗುತ್ತದೆ. ಅದು ಚಿಕ್ಕದಾದರೆ ಮಂದ್ರದ ಸದ್ದನ್ನು ನುಂಗುತ್ತದೆ. 8 ಓಂ ಸ್ಪೀಕರಿಗೆ 220 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 90 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಕ್ಷೀಣಿಸುತ್ತದೆ. ಎರಡು ಬದಿಯ ಸಪ್ಲೈಯಲ್ಲಿ ಈ ಕೆಪಾಸಿಟರ್ ಬೇಕಿಲ್ಲ, ಸ್ಪೀಕರನ್ನು ನೇರವಾಗಿ ಜೋಡಿಸಬಹುದು.

ಎರಡು ಬದಿ ಎಂದರೇನು ಎಂಬುದನ್ನು ಟಾರ್ಚಿನ ಎರಡು ಸೆಲ್‌ಗಳಿಂದಲೇ ತಿಳಿಯಬಹುದು. ಒಂದರ ಮೈನಸ್ಸಿಗೆ ಇನ್ನೊಂದರ ಪ್ಲಸ್ ತಾಗುವಂತೆ ಸಾಲಾಗಿ ಇಡಿ. ಅವು ಕೂಡುವ ಜಾಗಕ್ಕೆ ಮಲ್ಟಿಮೀಟರಿನ ಕಪ್ಪು ಕಡ್ಡಿ ಹಿಡಿಯಿರಿ. ಕೆಂಪು ಕಡ್ಡಿಯನ್ನು ಒಂದು ತುದಿಗಿಟ್ಟರೆ +1.5, ಮತ್ತೊಂದು ತುದಿಗಿಟ್ಟರೆ –1.5 ವೋಲ್ಟ್ ಕಾಣುತ್ತದೆ. ನಡುವಿನ ಆ ಜಾಗವೇ ನಮ್ಮ ಸೊನ್ನೆ. ಅದು ಒಂದು ಸೆಲ್ಲಿನ ಮೈನಸ್, ಇನ್ನೊಂದು ಸೆಲ್ಲಿನ ಪ್ಲಸ್. ಈ ಮಾತನ್ನು ಗಟ್ಟಿಯಾಗಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಷ್ಟು ವೋಲ್ಟ್?

ಹವ್ಯಾಸಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟಿ.ಡಿ.ಎ. 2030ಎ ಐ.ಸಿ.ಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು ತಡೆಯುವ ಗರಿಷ್ಠ ಮಿತಿ ಪ್ರತಿ ಬದಿಗೆ 22 ವೋಲ್ಟ್. ಕೊನೆಯಲ್ಲಿ ‘ಎ’ ಅಕ್ಷರವಿಲ್ಲದ 2030ಕ್ಕೆ 18 ವೋಲ್ಟ್ ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ‘12–0–12 ಟ್ರಾನ್ಸ್‌ಫಾರ್ಮರ್’ ಎಂದು ಕೇಳಿದರೆ ಸಾಕು, ಕೊಡುತ್ತಾರೆ. ಇಲ್ಲಿ 12 ಎಂಬುದು ಎ.ಸಿ.ಯ ಲೆಕ್ಕ. ಡಿ.ಸಿ. ಮಾಡಿದಾಗ ಕೆಪಾಸಿಟರ್ ತುಂಬುವುದು ಅಲೆಯ ಶಿಖರದವರೆಗೆ. ಆದ್ದರಿಂದ 12ನ್ನು 1.414ರಿಂದ ಗುಣಿಸಿ, ಡಯೋಡಿನಲ್ಲಿ ಕಳೆದುಹೋಗುವ 0.7 ವೋಲ್ಟ್ ಕಳೆಯಿರಿ. ಸುಮಾರು 16.3 ವೋಲ್ಟ್ ಸಿಗುತ್ತದೆ.

‘22ರವರೆಗೆ ತಡೆಯುತ್ತದಲ್ಲ, 15–0–15 ಹಾಕಿದರೆ ಸದ್ದು ಇನ್ನೂ ಜೋರಾಗುತ್ತದೆ’ ಎಂದು ಆಸೆಪಡಬೇಡಿ. ಮನೆಯ ಕರೆಂಟು 230 ವೋಲ್ಟಿಗಿಂತ ಹತ್ತು ಪ್ರತಿಶತ ಏರಬಹುದು. ಹೊರೆಯಿಲ್ಲದಾಗ ಟ್ರಾನ್ಸ್‌ಫಾರ್ಮರ್ ತಾನೇ ಇನ್ನೊಂದು ಹತ್ತು ಪ್ರತಿಶತ ಹೆಚ್ಚು ಕೊಡಬಹುದು. ಎರಡೂ ಕೂಡಿದರೆ 12–0–12ರಲ್ಲಿ ಪ್ರತಿ ಬದಿಗೆ ಸುಮಾರು 20 ವೋಲ್ಟ್ ಆಗುತ್ತದೆ, ಐ.ಸಿ. ಬದುಕುತ್ತದೆ. 15–0–15ರಲ್ಲಿ ಸುಮಾರು 25 ಆಗುತ್ತದೆ, ಐ.ಸಿ. ಸುಡುತ್ತದೆ. ಒಂದು ಚಾನೆಲ್ಲಿಗೆ 2 ಆಂಪಿಯರಿನ, ಸ್ಟೀರಿಯೋಗೆ 3 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಸಾಕು.

ಜೋಡಣೆ

ಟ್ರಾನ್ಸ್‌ಫಾರ್ಮರಿನ ತಂತಿಗಳನ್ನು ಬಣ್ಣ ನೋಡಿ ನಂಬಬೇಡಿ, ಮೀಟರಿನಲ್ಲಿ ಓಂ ಅಳೆಯಿರಿ. ಕರೆಂಟಿಗೆ ಸೇರುವ ಪ್ರೈಮರಿ ಸುರುಳಿ ಹತ್ತಾರು ಓಂ ತೋರಿಸುತ್ತದೆ. ಸೆಕೆಂಡರಿ ತೋರಿಸುವುದು ಅದಕ್ಕಿಂತ ಬಹಳ ಕಡಿಮೆ. ಇವೆರಡನ್ನು ಅದಲುಬದಲು ಮಾಡಿದರೆ ಅನಾಹುತ ಖಂಡಿತ.

1ಎನ್5408 ಎಂಬ 3 ಆಂಪಿಯರ್ ಡಯೋಡ್‌ಗಳು ನಾಲ್ಕು ಬೇಕು. ಅವುಗಳಿಂದ ಬ್ರಿಡ್ಜ್ ಮಾಡಿ. ಅದರ ಎರಡು ಎ.ಸಿ. ಮೂಲೆಗಳಿಗೆ ಟ್ರಾನ್ಸ್‌ಫಾರ್ಮರಿನ ಎರಡು 12ರ ತಂತಿಗಳು ಬರುತ್ತವೆ. ಸೊನ್ನೆಯ ತಂತಿ ಬ್ರಿಡ್ಜಿಗೆ ಹೋಗುವುದಿಲ್ಲ, ನೇರವಾಗಿ ಕೆಪಾಸಿಟರ್‌ಗಳು ಕೂಡುವ ಜಾಗಕ್ಕೆ ಹೋಗುತ್ತದೆ. ಕೆಪಾಸಿಟರ್‌ಗಳು 4700 ಮೈಕ್ರೋಫ್ಯಾರಡ್, 35 ವೋಲ್ಟಿನವು, ಬದಿಗೊಂದರಂತೆ ಎರಡು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಮೊದಲ ಕೆಪಾಸಿಟರಿನ ಪ್ಲಸ್ ಬ್ರಿಡ್ಜಿನ ಪ್ಲಸ್ಸಿಗೆ, ಮೈನಸ್ ಸೊನ್ನೆಗೆ. ಇದು ಎಲ್ಲರಿಗೂ ಸರಿಯಾಗಿ ಬರುತ್ತದೆ. ಎರಡನೆಯದರ ಮೈನಸ್ಸನ್ನೂ ಅಭ್ಯಾಸಬಲದಿಂದ ಸೊನ್ನೆಗೇ ಸೇರಿಸಿಬಿಡುತ್ತಾರೆ. ಅದು ತಪ್ಪು. ಸೆಲ್‌ಗಳ ಪ್ರಯೋಗ ನೆನಪಿಸಿಕೊಳ್ಳಿ. ಎರಡನೆಯ ಬದಿಗೆ ಸೊನ್ನೆಯೇ ಪ್ಲಸ್. ಆದ್ದರಿಂದ ಎರಡನೆಯ ಕೆಪಾಸಿಟರಿನ ಪ್ಲಸ್ ಸೊನ್ನೆಗೆ, ಮೈನಸ್ ಬ್ರಿಡ್ಜಿನ ಮೈನಸ್ಸಿಗೆ. ತಿರುಗುಮುರುಗಾದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬಿಸಿಯಾಗಿ ಸಿಡಿಯುತ್ತದೆ. ಮೊದಲ ಸಲ ಸ್ವಿಚ್ ಹಾಕುವಾಗ ಯಾರೂ ಅದರ ಮೇಲೆ ಮುಖ ಬಗ್ಗಿಸಿಕೊಂಡು ಇರಬಾರದು.

4700 ಏಕೆ ಎಂದರೆ, 50 ಹರ್ಟ್ಸ್ ಕರೆಂಟು ಬ್ರಿಡ್ಜ್ ದಾಟಿದ ಮೇಲೆ ಸೆಕೆಂಡಿಗೆ 100 ಸಲ ಕೆಪಾಸಿಟರನ್ನು ತುಂಬುತ್ತದೆ. ನಡುವಿನ ಬಿಡುವಿನಲ್ಲಿ ಐ.ಸಿ. ಅರ್ಧ ಆಂಪಿಯರ್ ಎಳೆದರೆ 4700ರಲ್ಲಿ ವೋಲ್ಟೇಜು ಸುಮಾರು 1 ವೋಲ್ಟ್ ಇಳಿಯುತ್ತದೆ. 1000 ಹಾಕಿದರೆ ಸುಮಾರು 5 ವೋಲ್ಟ್ ಇಳಿಯುತ್ತದೆ. ಆ ಏರಿಳಿತವೇ ಹಾಡಿನ ಹಿಂದೆ ‘ಗುಂಯ್’ ಎಂದು ಕೇಳಿಸಬಹುದು.

ಪ್ರತಿ ಕೆಪಾಸಿಟರಿನ ಎರಡು ಕಾಲುಗಳ ನಡುವೆ 2.2 ಕಿಲೋ ಓಂ, ಅರ್ಧ ವಾಟಿನ ರೆಸಿಸ್ಟರ್ ಹಾಕಿ. ಸ್ವಿಚ್ ಆರಿಸಿದ ಮೇಲೆ ಒಳಗೆ ಉಳಿದ ವಿದ್ಯುತ್ತು ಒಂದು ನಿಮಿಷದಲ್ಲಿ ಹರಿದುಹೋಗುತ್ತದೆ. ಅಲ್ಲಿಯವರೆಗೆ ಕೈ ಹಾಕಬೇಡಿ.

ಐ.ಸಿ.ಯ ಬೆನ್ನಿನ ಲೋಹದ ತಗಡು ಒಳಗೆ ಸೇರಿರುವುದು ಸೊನ್ನೆಗಲ್ಲ, ಮೈನಸ್ ಬದಿಗೆ. ಅದನ್ನು ಲೋಹದ ಡಬ್ಬಿಗೆ ಹಾಗೆಯೇ ಬಿಗಿದರೆ ಶಾರ್ಟ್ ಆಗುತ್ತದೆ. ನಡುವೆ ಅಭ್ರಕದ ತೆಳುಹಾಳೆ, ಬೋಲ್ಟಿಗೆ ಪ್ಲಾಸ್ಟಿಕ್ ವಾಷರ್ ಇರಲೇಬೇಕು.

ತಂದೆತಾಯಿಯರಿಗೆ

‘ಕರೆಂಟಿನ ತಂಟೆ ಬೇಡ’ ಎಂದು ಗದರಿಸಿದರೆ ಮಗ ಅಥವಾ ಮಗಳು ನೀವಿಲ್ಲದ ಹೊತ್ತು ನೋಡಿ ಮಾಡುವ ಸಂಭವವಿದೆ. ಅದಕ್ಕಿಂತ ಪಕ್ಕದಲ್ಲಿ ಕೂತು ಮಾಡಿಸುವುದು ಮೇಲು. ಎಂಟು, ಒಂಬತ್ತನೇ ತರಗತಿಯ ಮಕ್ಕಳು 230 ವೋಲ್ಟಿನ ಭಾಗಕ್ಕೆ ಕೈ ಹಾಕುವುದೇ ಬೇಡ. ಅವರಿಗೆ 12 ವೋಲ್ಟ್, 2 ಆಂಪಿಯರಿನ ಎರಡು ಸಿದ್ಧ ಅಡಾಪ್ಟರ್ ಕೊಡಿಸಿ. ಒಂದರ ಮೈನಸ್ಸಿಗೆ ಇನ್ನೊಂದರ ಪ್ಲಸ್ ಸೇರಿಸಿದರೆ ಸೊನ್ನೆ ಸಿಕ್ಕಿತು, +12 ಮತ್ತು –12 ಸಿದ್ಧ. ಎರಡೂ ಎರಡು ಪಿನ್ನಿನವೇ ಆಗಿರಲಿ. ಮೂರು ಪಿನ್ನಿನ ಕೆಲವು ಅಡಾಪ್ಟರ್‌ಗಳಲ್ಲಿ ಮೈನಸ್ ತಂತಿ ಅರ್ಥ್‌ಗೆ ಸೇರಿರುತ್ತದೆ. ಅಂಥವೆರಡನ್ನು ಹೀಗೆ ಜೋಡಿಸಿದರೆ ಶಾರ್ಟ್ ಆಗುತ್ತದೆ.

ದೊಡ್ಡ ಮಕ್ಕಳು ಟ್ರಾನ್ಸ್‌ಫಾರ್ಮರ್ ಬಳಸುವುದಾದರೆ ಮೂರು ಪಿನ್ನಿನ ಪ್ಲಗ್ಗು ಕಡ್ಡಾಯ. ಹಸಿರು ತಂತಿ ಲೋಹದ ಡಬ್ಬಿಗೆ ಬೋಲ್ಟಿನಿಂದ ಬಿಗಿಯಾಗಿ ಸೇರಿರಬೇಕು. ಫೇಸ್ ತಂತಿಯಲ್ಲಿ ಅರ್ಧ ಆಂಪಿಯರಿನ ನಿಧಾನ ಫ್ಯೂಸ್, ಅದರ ನಂತರ ಸ್ವಿಚ್ ಇರಬೇಕು. ಬೆಸುಗೆ ಹಾಕಿದ ಪ್ರತಿ ಜಾಗಕ್ಕೂ ಸ್ಲೀವ್ ತೊಡಿಸಿರಬೇಕು. ಈ ಭಾಗವನ್ನು ಬಲ್ಲ ಎಲೆಕ್ಟ್ರೀಷಿಯನ್ ಒಬ್ಬರಿಗೆ ತೋರಿಸದೆ ಪ್ಲಗ್ ಚುಚ್ಚಬೇಡಿ. ಬೆಸುಗೆ, ತಿದ್ದುಪಡಿ ಏನೇ ಇರಲಿ, ಪ್ಲಗ್ಗನ್ನು ಪೂರ್ತಿ ಕಿತ್ತ ಮೇಲೆಯೇ.

ಮೊದಲ ಪರೀಕ್ಷೆ

ಮೊದಲ ಸಲ ನೇರವಾಗಿ ಕರೆಂಟು ಕೊಡಬೇಡಿ. ಎಲೆಕ್ಟ್ರೀಷಿಯನ್ನರ ಬಳಿ ಇರುವ ಸೀರೀಸ್ ಬೋರ್ಡಿನಲ್ಲಿ 60 ವಾಟಿನ ಹಳೆಯ ತಂತಿ ಬಲ್ಬು ಹಾಕಿ, ಅದರ ಮೂಲಕ ಕೊಡಿ. ಎಲ್.ಇ.ಡಿ. ಬಲ್ಬು ಇಲ್ಲಿ ಕೆಲಸಕ್ಕೆ ಬಾರದು. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಎಲ್ಲ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಕೂಡಲೇ ಆರಿಸಿ.

ನಂತರ ಕಪ್ಪು ಕಡ್ಡಿಯನ್ನು ಸೊನ್ನೆಗಿಟ್ಟು ಎರಡೂ ಬದಿ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಸಮನಾಗಿರಬೇಕು. ಆಮೇಲೆ ಆಂಪ್ಲಿಫೈಯರ್ ಜೋಡಿಸಿ, ಸ್ಪೀಕರ್ ಇಲ್ಲದೆ, ಅದರ ಹೊರದಾರಿ ಮತ್ತು ಸೊನ್ನೆಯ ನಡುವಿನ ಡಿ.ಸಿ. ಅಳೆಯಿರಿ. 50 ಮಿಲಿವೋಲ್ಟಿಗಿಂತ ಕಡಿಮೆಯಿದ್ದರೆ ಮಾತ್ರ ಸ್ಪೀಕರಿಗೆ ಅವಕಾಶ. ಒಂದು ಬದಿಯ ತಂತಿ ಬಿಟ್ಟುಹೋಗಿದ್ದರೆ ಇನ್ನೊಂದು ಬದಿಯ 16 ವೋಲ್ಟ್ ನೇರವಾಗಿ ಸ್ಪೀಕರಿಗೆ ನುಗ್ಗಬಹುದು. 8 ಓಂ ಎಂದರೆ 2 ಆಂಪಿಯರ್, 32 ವಾಟ್. ಅದು ಹಾಡಾಗಿ ಕೇಳಿಸುವುದಿಲ್ಲ, ಬರೀ ಶಾಖವಾಗಿ ಸುರುಳಿಯನ್ನು ಸುಡುತ್ತದೆ.

ಕೊನೆಗೆ ನಿಮಗೊಂದು ಲೆಕ್ಕ. 12–0–12ರ ಬದಲು 9–0–9 ಟ್ರಾನ್ಸ್‌ಫಾರ್ಮರ್ ಹಾಕಿದರೆ ಪ್ರತಿ ಬದಿಗೆ ಎಷ್ಟು ಡಿ.ಸಿ. ವೋಲ್ಟ್ ಸಿಗುತ್ತದೆ? ಮೊದಲು ಕಾಗದದ ಮೇಲೆ ಮಾಡಿ, ಆಮೇಲೆ ಮೀಟರಿನಲ್ಲಿ ನೋಡಿ. ಮೀಟರು ಹೆಚ್ಚು ತೋರಿಸಿದರೆ ಗಾಬರಿ ಬೇಡ. ಅದಕ್ಕೆ ಕಾರಣ ಮೇಲಿನ ಸಾಲುಗಳಲ್ಲಿಯೇ ಇದೆ, ಹುಡುಕಿ.